ಮೂರು ಮೊಳ ದೂರದ ನಗು

ಆ ಲೆನ್ಸನ್ನು ಕೊಳ್ಳುವ ಮೊದಲು, ಅದನ್ನು ಕೊಂಡವರು ಬರೆದ ಅಭಿಪ್ರಾಯಗಳನ್ನೆಲ್ಲ ಒಂದು ತಿಂಗಳು ಓದಿದೆ. ಪಾಂಡವಪುರದ ನಮ್ಮ ಮನೆಯಲ್ಲಿ ಮಧ್ಯಾಹ್ನದ ಪಾತ್ರೆ ತೊಳೆದು ಬೋರಲು ಹಾಕಿದ ಮೇಲೆ, ಸಂಜೆಯ ಹಾಲು ಬರುವವರೆಗಿನ ಹೊತ್ತು ನನ್ನದು. ನಡುಮನೆಯ ಕಿಟಕಿಯ ಪಕ್ಕ ಕುರ್ಚಿ ಎಳೆದುಕೊಂಡು, ಕನ್ನಡಕ ಏರಿಸಿ, ಫೋನಿನಲ್ಲಿ ಒಬ್ಬೊಬ್ಬರ ಮಾತನ್ನೂ ಓದುತ್ತಿದ್ದೆ. ಯಾವ ಯಾವ ದೇಶದವರೋ, ಮುಖ ಕಾಣದವರು. ಇದು ಲೆನ್ಸೋ ಕ್ಯಾಮೆರಾದ ಮುಚ್ಚಳವೋ ತಿಳಿಯುವುದಿಲ್ಲ, ಅಷ್ಟು ತೆಳು ಎಂದು ಒಬ್ಬ ಬರೆದಿದ್ದ. ಇನ್ನೊಬ್ಬ ಅದನ್ನು ಕೋಟಿನ ಜೇಬಿನಲ್ಲಿಟ್ಟು ಮರೆತು, ಕೋಟನ್ನು ಒಗೆಯಲು ಹಾಕಿಬಿಟ್ಟಿದ್ದನಂತೆ. ಮತ್ತೊಬ್ಬ ಮಾರಿದ್ದ, ಮಾರಿ ಕೊರಗಿದ್ದ, ತಿರುಗಿ ಅದನ್ನೇ ಕೊಂಡಿದ್ದ. ಫೋಕಸ್ ಮಾಡುವಾಗ ಒಳಗಿನ ಮೋಟಾರು ಜಿರ್ರೆನ್ನುತ್ತದೆ ಎಂದು ಬಹಳ ಮಂದಿ ದೂರಿದ್ದರು. ಅಂಚುಗಳು ಮಸುಕಾಗುತ್ತವೆ ಎಂದು ತೋರಿಸಲು ಒಬ್ಬ ಇಟ್ಟಿಗೆ ಗೋಡೆಯ ಚಿತ್ರವನ್ನೇ ಹಾಕಿದ್ದ. ಗೋಡೆ ಬಿಟ್ಟು ಮನುಷ್ಯರ ಕಡೆ ತಿರುಗು ಎಂದು ಅದರ ಕೆಳಗೆ ಬೇರೊಬ್ಬ ಜಗಳಕ್ಕೇ ಬಂದಿದ್ದ.

ನನಗೆ ಬೇಕಾದ ಮಾತನ್ನು ಬರೆದವಳು ಒಬ್ಬ ಹೆಂಗಸು. ದೊಡ್ಡ ಲೆನ್ಸು ಹಿಡಿದರೆ ಅವಳ ಮನೆಯವರೆಲ್ಲ ನೆಟ್ಟಗೆ ಕೂರುತ್ತಿದ್ದರಂತೆ. ಇದನ್ನು ಹಾಕಿದ ಮೇಲೆ ಹತ್ತು ನಿಮಿಷದಲ್ಲಿ ಕ್ಯಾಮೆರಾ ಇದೆಯೆಂಬುದನ್ನೇ ಮರೆತರಂತೆ. ಅದನ್ನು ಮೂರು ಸಲ ಓದಿದೆ.

ಹಾಗೆ ಮರೆಯಬೇಕಾದವಳು ನನ್ನ ಅಕ್ಕ. ಅವಳು ನಗುವಾಗ ನನಗೊಂದು ಫೋಟೊ ಬೇಕಿತ್ತು. ಅದೂ ಸಂಕ್ರಾಂತಿಯೊಳಗೆ.

ನಮ್ಮ ತವರು ನಾಗಮಂಗಲದ ಕಡೆಯ ಒಂದು ಹಳ್ಳಿ. ಅಕ್ಕನಿಗೂ ನನಗೂ ಹದಿಮೂರು ವರ್ಷದ ಅಂತರ. ನಡುವೆ ಹುಟ್ಟಿದವರು ಉಳಿಯಲಿಲ್ಲ. ಅಕ್ಕನನ್ನು ಸಂತೆಬಾಚಹಳ್ಳಿಯ ಹತ್ತಿರದ ಊರಿಗೆ ಕೊಟ್ಟ ಮರುವರ್ಷ ಅವ್ವ ತೀರಿಕೊಂಡಳು. ನನಗಾಗ ಐದು ವರ್ಷ. ಮನೆಯಲ್ಲಿ ಹೆಣ್ಣುದಿಕ್ಕಿಲ್ಲ, ಹುಡುಗಿಗೆ ಜಡೆ ಹಾಕುವವರು ಯಾರು ಎಂದು ಅಪ್ಪ ನನ್ನನ್ನು ಶ್ರೀರಂಗಪಟ್ಟಣದಲ್ಲಿ ಕಾನ್ವೆಂಟಿನ ಹಾಸ್ಟೆಲಿಗೆ ಸೇರಿಸಿದರು. ಅವ್ವನದು ಒಂದು ಫೋಟೊ ಕೂಡ ಇಲ್ಲ. ತೆಗೆಸಬೇಕೆಂದರೆ ನಾಗಮಂಗಲದ ಸ್ಟುಡಿಯೋಗೆ ಹೋಗಬೇಕಿತ್ತು. ಬದುಕಿದ್ದಾಗ ಅಂಥ ತುರ್ತು ಯಾರಿಗೂ ಕಾಣಲಿಲ್ಲ.

ಹಾಸ್ಟೆಲಿನಲ್ಲಿ ಪ್ರಾರ್ಥನೆಗೆಂದು ಕಣ್ಣು ಮುಚ್ಚಿದಾಗಲೆಲ್ಲ ಅವ್ವನ ಮುಖ ತಂದುಕೊಳ್ಳುತ್ತಿದ್ದೆ. ಮೊದಮೊದಲು ಬರುತ್ತಿತ್ತು. ಆಮೇಲೆ ಸೀರೆಯ ಅಂಚು ಬರುತ್ತಿತ್ತು, ಹಸಿರು ಬಳೆ ಬರುತ್ತಿತ್ತು, ಮುಖ ಇರಬೇಕಾದ ಜಾಗದಲ್ಲಿ ಏನೂ ಇರುತ್ತಿರಲಿಲ್ಲ. ಎರಡನೆಯ ಕ್ಲಾಸಿನಲ್ಲಿದ್ದಾಗ, ಅಕ್ಕ ನೋಡಲು ಬಂದ ಒಂದು ಭಾನುವಾರ, ಅದನ್ನು ಹೇಳಿ ಅತ್ತುಬಿಟ್ಟೆ. ಅವಳೂ ಆಗ ಇಪ್ಪತ್ತರ ಹುಡುಗಿ. ಬಾಳೆ ಎಲೆಯಲ್ಲಿ ಸುತ್ತಿ ತಂದಿದ್ದ ಹೂವನ್ನು ಬೆಂಚಿನ ಮೇಲಿಟ್ಟು, ಸೆರಗಿನಿಂದ ನನ್ನ ಮೂಗು ಒರೆಸಿದಳು.

"ಅಳ್ಬ್ಯಾಡ ಮಗ. ನಾ ನಕ್ರೆ ಅವ್ವ ನಕ್ಕಂಗೇಯ. ಊರೋರೆಲ್ಲ ಅಂಗೇ ಅಂತಾರೆ. ನೋಡ್ಕೊ, ಸರ್‍ಯಾಗ್ ನೋಡ್ಕೊ."

ಹಾಗೆಂದು ಅವಳು ನಕ್ಕಳು. ಮುಂದಿನ ಎರಡು ಹಲ್ಲಿನ ನಡುವೆ ಒಂದು ಅಕ್ಕಿಕಾಳು ಹಿಡಿಸುವಷ್ಟು ಸಂದಿ. ಮೇಲಿನ ವಸಡು ಕಾಣುತ್ತಿತ್ತು. ಎಡಗಣ್ಣು ಬಲಗಣ್ಣಿಗಿಂತ ಮೊದಲು ಮುಚ್ಚಿಕೊಳ್ಳುತ್ತಿತ್ತು. ಮಗ್ಗಿ ಕಲಿತ ಹಾಗೆ ನಾನು ಆ ನಗುವನ್ನು ಕಲಿತೆ. ಅಂದಿನಿಂದ ಇಂದಿನವರೆಗೆ, ನಾಲ್ಕು ದಶಕ, ಅವ್ವ ಎಂದರೆ ನನಗೆ ಬರುವುದು ಅದೇ.

ಆದರೆ ಅಕ್ಕನ ಆ ನಗುವೂ ಯಾವ ಫೋಟೊದಲ್ಲೂ ಇಲ್ಲ. ಅವಳ ಮದುವೆಯಲ್ಲಿ ಗಂಡಿನ ಕಡೆಯವರು ಕರೆಸಿದ್ದ ಫೋಟೊದವನು, ಮದುಮಕ್ಕಳಿಬ್ಬರದೇ ಒಂದು ಫೋಟೊ ತೆಗೆಯುವಾಗ ಎಲ್ಲರೆದುರು, "ಬಾಯ್ ಮುಚ್ಕೊಳವ್ವ ಮದುಮಗಳೇ, ಹಲ್ಲು ಕಾಣ್ತವೆ" ಎಂದಿದ್ದನಂತೆ. ಒಂದು ಮಾತು, ಅಷ್ಟೇ. ಆಮೇಲೆ ಅವಳು ಕ್ಯಾಮೆರಾ ಮುಂದೆ ಬಾಯಿ ಬಿಟ್ಟದ್ದಿಲ್ಲ. ಅವಳ ಮಕ್ಕಳ ಮದುವೆಯ ಆಲ್ಬಮ್ಮುಗಳಲ್ಲಿ ತುಟಿ ಬಿಗಿದುಕೊಂಡು, ಬೈಸಿಕೊಂಡವಳಂತೆ ನಿಂತಿದ್ದಾಳೆ. ಫೋನು ಎತ್ತಿದರೂ ಸಾಕು, ಅವಳ ಬಲಗೈ ತಾನಾಗಿ ಬಾಯಿಗೆ ಹೋಗುತ್ತದೆ. ನನ್ನ ಮಗಳು ಕಾಲೇಜಿನ ಪ್ರಾಜೆಕ್ಟಿಗೆಂದು ಕೊಂಡು, ಆಮೇಲೆ ನನಗೇ ಬಿಟ್ಟುಹೋದ ಮಿರರ್‌ಲೆಸ್ ಕ್ಯಾಮೆರಾ ನಮ್ಮ ಮನೆಯಲ್ಲಿತ್ತು. ಅದಕ್ಕಿದ್ದದ್ದು ಮುಸುಡಿಯ ಹಾಗೆ ಮುಂದಕ್ಕೆ ಚಾಚುವ ಉದ್ದದ ಲೆನ್ಸು. ಅದನ್ನು ಒಮ್ಮೆ ಒಯ್ದಾಗ ಅಕ್ಕ ಬಾಗಿಲ ಹಿಂದಕ್ಕೇ ಸರಿದಿದ್ದಳು. "ಕೋವಿ ಇಡ್ದಂಗೆ ಇಡೀತೀಯಲ್ಲವ್ವ!"

ಹೋದ ಕಾರ್ತಿಕದಲ್ಲಿ ಅಕ್ಕ ಫೋನು ಮಾಡಿದಳು. ಒಂದು ವರ್ಷದಿಂದ ಅವಳ ಹಲ್ಲು ಅಲ್ಲಾಡುತ್ತಿದ್ದವು. ಮಂಡ್ಯದ ಹಲ್ಲಿನ ಡಾಕ್ಟರು ವಸಡು ಸವೆದುಹೋಗಿದೆ, ಎಲ್ಲವನ್ನೂ ಕೀಳಲೇಬೇಕು ಎಂದಿದ್ದರಂತೆ.

"ಸಂಕ್ರಾಂತಿ ಕಳ್ಕಂಡು ಬನ್ನಿ ಅಂದವ್ರೆ. ಆಮ್ಯಾಲೆ ಒಸ ಸೆಟ್ಟು ಆಕ್ತಾರಂತೆ ಕಣವ್ವ. ಸಂದಿ ಗಿಂದಿ ಒಂದೂ ಇರಕಿಲ್ಲ. ಜೋಳದ ತೆನೆ ಇದ್ದಂಗೆ ಸಾಲಾಗಿ!"

ಅವಳು ಸಂತೋಷದಲ್ಲೇ ಹೇಳುತ್ತಿದ್ದಳು. ರಾಗಿ ಮುದ್ದೆ ಮೆತ್ತಗಿದ್ದರೂ ನೋವು, ಕಡಲೆಬೀಜ ಕನಸಿನ ಮಾತು, ಪಾಪ, ಎಷ್ಟು ಕಷ್ಟಪಟ್ಟಿದ್ದಳೋ. ನಾನು ಒಳ್ಳೇದಾಯಿತು ಬಿಡಕ್ಕ ಎಂದೆ. ಫೋನಿಟ್ಟ ಮೇಲೆ ಒಲೆಯ ಮೇಲಿದ್ದ ಹಾಲು ಉಕ್ಕಿದ್ದು ಕೂಡ ಕಾಣಲಿಲ್ಲ. ಆ ಸಂದಿ ಹೋದರೆ ನನಗೆ ಉಳಿಯುವುದೇನು? ಅಂದು ಮಧ್ಯಾಹ್ನವೇ ಚಿಕ್ಕ ಲೆನ್ಸುಗಳ ಅಭಿಪ್ರಾಯ ಓದಲು ಕುಳಿತದ್ದು.

ಪೆಟ್ಟಿಗೆ ಬಂದ ದಿನ ನನ್ನ ಯಜಮಾನರು ಅದನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿದರು.

"ಇಷ್ಟೇನಾ? ಮಿಕ್ಕಿದ್ದು ಆಮೇಲೆ ಬರುತ್ತೋ?"

"ಇದಕ್ಕೆ ಪ್ಯಾನ್‌ಕೇಕ್ ಲೆನ್ಸ್ ಅಂತಾರೆ."

"ಹಂಗಂದ್ರೆ?"

ನಾನು ಪ್ಯಾನ್‌ಕೇಕನ್ನು ತಿಂದದ್ದು ಒಂದು ಸಲ. ಅದೂ ಹಾಸ್ಟೆಲಿನಲ್ಲಿ. ಸಿಸ್ಟರುಗಳ ಉಪವಾಸದ ಕಾಲ ಶುರುವಾಗುವ ಮುಂಚಿನ ಮಂಗಳವಾರ ಅಡುಗೆಮನೆಯ ಸಿಸ್ಟರ್ ತೆಳ್ಳಗೆ ದೋಸೆ ಹುಯ್ದು, ಒಳಗೆ ತೆಂಗಿನತುರಿ ಬೆಲ್ಲ ಇಟ್ಟು ಸುರುಳಿ ಸುತ್ತಿ, ಇದೇ ಪ್ಯಾನ್‌ಕೇಕ್, ಥ್ಯಾಂಕ್ ಯೂ ಹೇಳಿ ತಿನ್ನಿ ಎಂದಿದ್ದರು. ಅದನ್ನು ವಿವರಿಸಲು ಹೋದರೆ ಇವರು, "ಸಿಹಿ ದೋಸೆ ಅನ್ನು, ಮುಗೀತು" ಎಂದು ಪೇಪರು ಬಿಡಿಸಿಕೊಂಡರು.

ಉಪಾಯವನ್ನು ಕಲಿತದ್ದೂ ಆ ಅಭಿಪ್ರಾಯಗಳಿಂದಲೇ. ಮೋಟಾರಿನ ಜಿರ್ ಸದ್ದು ಕೇಳಿದರೆ ಅಕ್ಕನ ಕೈ ಬಾಯಿಗೆ ಹೋಗುವುದು ಖಂಡಿತ. ಆ ಸದ್ದು ಬೇಡದವರಿಗೆ ಒಬ್ಬ ಹಿರಿಯ ದಾರಿ ಹೇಳಿದ್ದ: ತಾನಾಗಿ ಫೋಕಸ್ ಆಗುವುದನ್ನು ನಿಲ್ಲಿಸು. ಗೊತ್ತಾದ ದೂರದಲ್ಲಿ ಏನನ್ನಾದರೂ ಇಟ್ಟು, ಲೆನ್ಸಿನ ಸುತ್ತಲ ಉಂಗುರ ತಿರುಗಿಸಿ ಅದನ್ನು ಸ್ಪಷ್ಟ ಮಾಡಿಕೊ. ಆಮೇಲೆ ಉಂಗುರ ಮುಟ್ಟಬೇಡ, ಕ್ಯಾಮೆರಾ ಆರಿಸಬೇಡ. ಆರಿಸಿದರೆ ಈ ಲೆನ್ಸು ಎಲ್ಲ ಮರೆತುಬಿಡುತ್ತದೆ. ಮನುಷ್ಯರಿಂದ ಅಷ್ಟೇ ದೂರದಲ್ಲಿ ಕೂತು, ಕ್ಯಾಮೆರಾವನ್ನು ತೊಡೆಯ ಮೇಲಿಟ್ಟು ಒತ್ತುತ್ತಿರು. ನಮ್ಮ ಕ್ಯಾಮೆರಾದ ಹಿಂದಿನ ಪರದೆ ಮೇಲಕ್ಕೆ ಮಗುಚಿಕೊಳ್ಳುತ್ತದೆ. ತಲೆ ತಗ್ಗಿಸಿ ಅವರೆಕಾಯಿ ಬಿಡಿಸುವವಳ ಹಾಗೆ ಕೂತು ಅದನ್ನು ನೋಡಬಹುದು.

ಅವನು ದೂರವನ್ನು ಮೀಟರಿನಲ್ಲಿ ಹೇಳಿದ್ದ. ಬಟ್ಟೆಯಾದರೆ ನನಗೂ ಮೀಟರೇ. ಕೂತವರ ನಡುವಿನ ದೂರಕ್ಕೆ ಮೀಟರು ಹೊಂದಲಿಲ್ಲ. ಲೆಕ್ಕ ಹಾಕಿ ನೋಡಿದರೆ ಸುಮಾರು ಮೂರು ಮೊಳವಾಯಿತು. ಮೊಳಕೈಯಿಂದ ನಡುಬೆರಳ ತುದಿಯವರೆಗೆ ಮೂರು ಸಲ. ಹೂವಾಡಗಿತ್ತಿ ಅಳೆಯುವ ಹಾಗೆ. ಕುರ್ಚಿಯ ಮೇಲೆ ಉಪ್ಪಿನಕಾಯಿ ಭರಣಿ ಇಟ್ಟು ಒಂದು ವಾರ ಅಭ್ಯಾಸ ಮಾಡಿದೆ. ಭರಣಿಯ ಮೈಮೇಲಿನ ಕೂದಲೆಳೆಯಂಥ ಬಿರುಕುಗಳು ಕೂಡ ಫೋಟೊದಲ್ಲಿ ಕಂಡವು.

ಧನುರ್ಮಾಸದ ಒಂದು ಬೆಳಿಗ್ಗೆ ಕೆ.ಆರ್. ಪೇಟೆಗೆ ಹೋಗಿ, ಅಲ್ಲಿಂದ ಸಂತೆಬಾಚಹಳ್ಳಿಯ ಬಸ್ಸು ಹಿಡಿದೆ. ಮಡಿಲಲ್ಲಿ ಕ್ಯಾಮೆರಾ ಇಟ್ಟುಕೊಂಡು ಕೂತಿದ್ದರೂ ಪಕ್ಕದ ಹೆಂಗಸು ಅದೇನೆಂದು ಕೇಳಲಿಲ್ಲ. ಲೆನ್ಸಿನ ಮೇಲೆ ನಂಬಿಕೆ ಬಂತು.

ಅಕ್ಕನ ಮನೆಯ ಹಿತ್ತಿಲಿಗೆ ಸೇರಿದಂತೆ ಹತ್ತು ಗುಂಟೆಯಲ್ಲಿ ಕನಕಾಂಬರ, ಸೇವಂತಿಗೆ ಇದೆ. ಹೂ ಕಟ್ಟಿ ಸಂತೆಗೆ ಕೊಡುವುದು ಅವಳ ಸ್ವಂತದ ಕಸುಬು, ಭಾವ ಅದರಲ್ಲಿ ತಲೆ ಹಾಕುವ ಹಾಗಿಲ್ಲ. ನಾನು ಹೋದಾಗ ಭಾವ ಜಗಲಿಯ ಮೇಲೆ ಬೀಡಿ ಹುಡುಕುತ್ತ ಕೂತಿದ್ದರು. ಕ್ಯಾಮೆರಾವನ್ನು ಅವರೇ ಮೊದಲು ಕಂಡರು.

"ಏನವ್ವ ಇದು, ಮೂತಿ ಕಳ್ಕಂಡು ಬಂದದೆ?"

"ಹೊಸ ಲೆನ್ಸು ಭಾವ. ಚಿಕ್ಕದು."

"ನಿಪ್ಪಟ್ಟು ಅಂಟ್ಸ್‌ದಂಗದೆ. ಏ ಇವ್ಳೆ, ನಿನ್ ತಂಗಿ ನಿಪ್ಪಟ್ಟು ತಂದವ್ಳೆ, ಟೀ ಕಾಯ್ಸು!"

ಅಕ್ಕ ಒಳಗಿನಿಂದ, "ನಿಮ್ಗೆ ಅಲ್ಲು ಇದ್ರೆ ತಾನೆ ನಿಪ್ಪಟ್ಟು" ಎಂದಳು. ನಕ್ಕದ್ದು ಕೇಳಿಸಿತು, ಕಾಣಲಿಲ್ಲ.

ಕೈಕಾಲು ತೊಳೆಯುವ ನೆಪದಲ್ಲಿ ಹಿತ್ತಿಲಿಗೆ ಹೋಗಿ, ನೀರಿನ ಡ್ರಮ್ಮಿನಿಂದ ನನ್ನ ಕೈಯಲ್ಲಿ ಮೂರು ಮೊಳ ಅಳೆದು, ಉಂಗುರ ತಿರುಗಿಸಿ ಡ್ರಮ್ಮಿನ ತುಕ್ಕನ್ನು ಸ್ಪಷ್ಟ ಮಾಡಿಕೊಂಡೆ. ಒಳಗೆ ಬಂದರೆ ಅಕ್ಕ ಪಡಸಾಲೆಯಲ್ಲಿ ಗೋಡೆಗೆ ಒರಗಿ, ಮೊರದ ತುಂಬ ಕನಕಾಂಬರ ಇಟ್ಟುಕೊಂಡು ಕಟ್ಟುತ್ತಿದ್ದಳು. ಹೆಂಚಿನ ಮನೆ, ಬೆಳಕು ಕಡಿಮೆ. ಲೆನ್ಸಿನ ಬಾಯಿಯನ್ನು ಪೂರ್ತಿ ತೆರೆಯಬೇಕಾಯಿತು. ಹಾಗೆ ತೆರೆದಾಗ ದೂರದ ಲೆಕ್ಕ ಒಂಚೂರೂ ತಪ್ಪಬಾರದು ಎಂದು ಓದಿದ್ದು ನೆನಪಿತ್ತು. ಇಲ್ಲಿ ಅವಳೆದುರು ಕೈಚಾಚಿ ಹೇಗೆ ಅಳೆಯುವುದು ಎಂದು ಯೋಚಿಸುತ್ತಿರುವಾಗ ಅವಳೇ ಕೇಳಿದಳು.

"ನಿಂಗೆಷ್ಟು ಬೇಕು ಮಗ ಊವ?"

"ಮೂರು ಮೊಳ ಕೊಡಕ್ಕ."

ದೇವರೇ ಕೇಳಿಸಿದ ಪ್ರಶ್ನೆ ಅನ್ನಿಸಿತು. ಅವಳು ಕಟ್ಟಿದ ದಂಡೆಯಿಂದ ಅಳೆದು ಕತ್ತರಿಸಿ ಕೊಟ್ಟಳು. ಬಣ್ಣ ನೋಡುವವಳ ಹಾಗೆ ಅದನ್ನು ನೆಲದ ಮೇಲೆ ಉದ್ದಕ್ಕೆ ಬಿಟ್ಟು, ಒಂದು ತುದಿ ಗೋಡೆಯ ಕಡೆ, ಅಕ್ಕನ ಸೊಂಟದ ಪಕ್ಕ ಬರುವಂತೆ ಮಾಡಿ, ಇನ್ನೊಂದು ತುದಿಯಲ್ಲಿ ನಾನು ಚಕ್ಕಳಮಕ್ಕಳ ಹಾಕಿ ಕೂತೆ. ತೊಡೆಯ ಮೇಲೆ ಕ್ಯಾಮೆರಾ, ಪಕ್ಕದಲ್ಲಿ ಅವರೆಕಾಯಿ ಪುಟ್ಟಿ.

ಆ ಹೆಂಗಸು ಬರೆದದ್ದು ಸುಳ್ಳಲ್ಲ. ಹತ್ತು ನಿಮಿಷ ಕೂಡ ಬೇಕಾಗಲಿಲ್ಲ. ಅಕ್ಕ ಒಮ್ಮೆ ನನ್ನ ಮಡಿಲ ಕಡೆ ನೋಡಿ, ಆಮೇಲೆ ಆ ಕಡೆಗೇ ಕಣ್ಣು ಹಾಯಿಸಲಿಲ್ಲ. ಭಾವ ಹೊಸಿಲ ಮೇಲೆ ಬಂದು ಕೂತು ಹಲ್ಲಿನ ವಿಷಯ ತೆಗೆದರು.

"ನಿಮ್ಮಕ್ಕಂಗೆ ಒಸ ಅಲ್ಲು ಬರ್‍ಲಿ ನೋಡವ್ವ, ಆಮ್ಯಾಲೆ ನನ್ನ ತಿಂದ್ಬುಡ್ತಾಳೆ."

"ನಲ್ವತ್ತು ವರ್ಸದಿಂದ ಅಗ್ದು ಅಗ್ದೇ ಅಲ್ಲೋಗಿರಾದು. ನೀವೇನ್ ಮೆತ್ಗಿದ್ದೀರಾ?"

ಹೇಳಿದವಳೇ ನಕ್ಕಳು. ನಾನು ಒತ್ತಿದೆ. ಈ ಕ್ಯಾಮೆರಾ ಸದ್ದಿಲ್ಲದೆ ತೆಗೆಯುತ್ತದೆ. ಭಾವ ಮತ್ತೇನೋ ಅಂದರು, ಅವಳು ಮತ್ತೆ ನಕ್ಕಳು, ಎಡಗಣ್ಣು ಮೊದಲು ಮುಚ್ಚಿತು. ಪರದೆ ಅಂಗೈಯಷ್ಟು ಚಿಕ್ಕದು, ಕನ್ನಡಕ ಹಾಕಿಕೊಂಡರೆ ಅವಳಿಗೆ ಅನುಮಾನ ಬರುತ್ತದೆಂದು ಹಾಕಿರಲಿಲ್ಲ. ಆಕಾರ ಕಾಣುತ್ತಿತ್ತು, ಸಾಕು ಅಂದುಕೊಂಡೆ. ಎಷ್ಟು ಸಲ ಒತ್ತಿದೆನೋ.

ಊಟವಾದ ಮೇಲೆ ಆ ದಂಡೆಯನ್ನು ಮುಡಿದುಕೊಂಡು ಹಿತ್ತಿಲ ಒಗೆಯುವ ಕಲ್ಲಿನ ಮೇಲೆ ಕೂತು, ಕನ್ನಡಕ ಹಾಕಿಕೊಂಡು ಒಂದೊಂದಾಗಿ ನೋಡಿದೆ. ಕನಕಾಂಬರದ ಎಸಳುಗಳು ಎಣಿಸುವಷ್ಟು ಸ್ಪಷ್ಟ. ಅಕ್ಕನ ಮಂಡಿಯ ಮೇಲಿನ ಸೀರೆಯ ನೂಲು ಸ್ಪಷ್ಟ. ಬಾಳೆನಾರು ಹಿಡಿದ ಬೆರಳುಗಳ ಗೆರೆ ಗೆರೆಯೂ ಇದೆ. ಅದರ ಹಿಂದೆ, ಮುಖ ಇರಬೇಕಾದ ಜಾಗದಲ್ಲಿ, ಹೊಗೆ. ಮೊದಲನೆಯದೂ ಹಾಗೆ, ಕೊನೆಯದೂ ಹಾಗೆ. ನಡುವಿನವನ್ನು ದೊಡ್ಡದು ಮಾಡಿ ನೋಡಿದೆ. ಹಲ್ಲು ಇರುವ ಕಡೆ ಒಂದು ಬಿಳಿ ಕಲೆ, ಸಂದಿ ಇಲ್ಲ.

ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಅಕ್ಕ ಎಂಜಲು ತಟ್ಟೆ ಹಿಡಿದು ಹೊರಗೆ ಬಂದಳು. ನನ್ನನ್ನು ಕಂಡು ತಟ್ಟೆಗಳನ್ನು ಅಲ್ಲೇ ಇಟ್ಟಳು.

"ಯಾಕ್ ಮಗ? ನಿಮ್ ಭಾವ ಏನಾರ ಅಂದ್ರಾ?"

ಸುಳ್ಳು ಹೇಳಲು ನನಗೆ ಬರುವುದಿಲ್ಲ. ಕದ್ದು ತೆಗೆದದ್ದನ್ನು ಹೇಳಿದೆ, ತೋರಿಸಿದೆ. ಅವಳು ಒದ್ದೆ ಕೈ ಒರೆಸಿಕೊಂಡು ಬಗ್ಗಿ ನೋಡಿದಳು. ಮುಖ ಸಣ್ಣಗಾಯಿತು.

"ನಂಗೊಂದ್ ಮಾತು ಯೋಳ್ದೆ ತಗದ್ಯಾ?"

"ಹೇಳಿದ್ದರೆ ನೀನು ನಗುತ್ತಿರಲಿಲ್ಲ ಅಕ್ಕ. ಹಲ್ಲು ಕೀಳಿಸೋಕೆ ಮುಂಚೆ ಒಂದು ಬೇಕಿತ್ತು. ಅವ್ವನ ನಗು ಅದು. ನನ್ನ ಹತ್ತಿರ ಬೇರೆ ಏನೂ ಇಲ್ಲ."

ಅವಳು ಫೋಟೊವನ್ನೇ ನೋಡುತ್ತ, "ಇದ್ಯಾಕೆ ಮೊಕ ಮಂಜು ಕವ್ಕಂಡಂಗಾಗದೆ? ಊವ ಎಷ್ಟ್ ಚೆಂದಾಗ್ ಬಂದದೆ" ಎಂದಳು.

"ದೂರ ತಪ್ಪಿದೆ. ಮೂರು ಮೊಳಕ್ಕೆ ಹೊಂದಿಸಿಕೊಂಡಿದ್ದೆ. ಮೂರೇ ಮೊಳಕ್ಕೆ ಕೂತಿದ್ದೆ ಕೂಡ."

"ಯಾವ್ದರಲ್ಲಿ ಅಳ್ದೆ?"

"ನೀನು ಕೊಟ್ಟ ಹೂವಿನಲ್ಲಿ."

ಅವಳು ನನ್ನ ಮುಖ ನೋಡಿದಳು. ಆಮೇಲೆ ನನ್ನ ಮುಡಿಯಿಂದ ಆ ದಂಡೆಯನ್ನು ಎಳೆದುಕೊಂಡು, ಒಂದು ತುದಿಯನ್ನು ಎಡಗೈಯ ಬೆರಳಲ್ಲಿ ಸಿಕ್ಕಿಸಿ, "ಕೈ ಚಾಚು" ಎಂದು ನನ್ನ ಮೊಳಕೈಗೆ ಇಟ್ಟು ಅಳೆದಳು. ಒಂದು. ಎರಡು. ಮೂರು. ನಾಲ್ಕು ಮುಟ್ಟುವುದಕ್ಕೆ ನಾಲ್ಕು ಹೂವು ಕಡಿಮೆ. ಅವಳ ಕೈ ಮೊದಲೇ ಉದ್ದ. ಸಂತೆಯಲ್ಲಿ ಹೆಂಗಸರು ಅವಳ ಮೊಳವೇ ಬೇಕೆಂದು ಕಾದು ಕೊಳ್ಳುತ್ತಾರೆ. ಅದರ ಮೇಲೆ ಅಳೆದಾದ ಬಳಿಕ ಸುಮ್ಮನೆ ಸೇರಿಸುವ ಕೊಸರು. ಅದನ್ನು ನಾನು ಲೆಕ್ಕಕ್ಕೇ ತಂದುಕೊಂಡಿರಲಿಲ್ಲ.

"ಅಯ್ಯೋ ನನ್ ಕೂಸೇ! ಕೊಸರು ಬುಡ್ದೆ ನಾ ಯಾವತ್ತಾರ ಊವ ಕೊಟ್ಟಿವ್ನಾ? ಅದೂ ನಿಂಗೆ! ಕಾನ್ವೆಂಟ್ನಾಗೆ ಇಷ್ಟೂ ಯೋಳ್ಕೊಡ್ನಿಲ್ವಾ? ಏನ್ರೀ, ಇಲ್ಲ್ ಬನ್ನಿ, ಕೇಳ್ಬನ್ನಿ, ನಿಮ್ ನಾದ್ನಿ ಮಿಷಿನ್ನ ಕೊಸರಲ್ಲಿ ಅಳದವ್ಳೆ!"

ಅವಳು ನಗಲು ಶುರುಮಾಡಿದಳು. ಬಗ್ಗಿ, ಎದ್ದು, ಮತ್ತೆ ಬಗ್ಗಿ. ದಂಡೆ ನೆಲಕ್ಕೆ ಬೀಳಬಾರದೆಂದು ಎರಡೂ ಕೈಯನ್ನು ಅಗಲಿಸಿ ಹಿಡಿದಿದ್ದಳು. ಬಾಯಿಗೆ ಹೋಗಲು ಕೈ ಇರಲಿಲ್ಲ. ನಾನು ಉಪಾಯಗಳನ್ನೆಲ್ಲ ಬಿಟ್ಟೆ. ಫೋಕಸನ್ನು ಲೆನ್ಸಿಗೇ ಒಪ್ಪಿಸಿ, ಕ್ಯಾಮೆರಾವನ್ನು ಮುಖಕ್ಕೆ ಎತ್ತಿದೆ. ಜಿರ್ರೆಂದಿತು. ಅಕ್ಕನಿಗೆ ಕೇಳಿಸಿತು. ಕಣ್ಣು ನನ್ನ ಕಡೆ ತಿರುಗಿದ್ದು ನನಗೆ ಗೊತ್ತು. ಆದರೂ ಬಾಯಿ ಮುಚ್ಚಲಿಲ್ಲ. ಒಂದೇ ಒಂದು ತೆಗೆದೆ.

ಅದು ಬಂದಿತ್ತು. ಹಿತ್ತಿಲ ಬಿಸಿಲು, ಎಳೆದು ಹಿಡಿದ ಕನಕಾಂಬರ, ಮುಚ್ಚಿಕೊಂಡ ಎಡಗಣ್ಣು, ವಸಡು, ಅಲ್ಲಾಡುವ ಹಲ್ಲುಗಳ ನಡುವೆ ಈಗ ಇನ್ನೂ ಅಗಲವಾದ ಸಂದಿ. ಅಂಚು ಮಸುಕೋ ಅಲ್ಲವೋ ನೋಡಲಿಲ್ಲ. ಅಕ್ಕನಿಗೆ ಕೊಟ್ಟೆ. ಅವಳು ಪರದೆಯನ್ನು ಬಿಸಿಲಿಗೆ ಮರೆಮಾಡಿ ಬಹಳ ಹೊತ್ತು ನೋಡಿದಳು.

"ಇದು ನಾನಾ? ಪರ್ವಾಗಿಲ್ಲ ಕಣೆ. ಅಷ್ಟೇನ್ ಕೆಟ್ಟದಾಗಿಲ್ಲ."

"ಅವ್ವ ಹೀಗೇ ಅಲ್ವಾ ಅಕ್ಕ?"

ಅವಳು ಇನ್ನೂ ಫೋಟೊ ನೋಡುತ್ತಿದ್ದಳು. ಮಾತು ಯೋಚಿಸದೆ ಬಂತು.

"ಅವ್ವಂದು ಇಂಗಿರ್‍ನಿಲ್ಲ ಬುಡು. ಅವ್ವ ಅಲ್ಲು ಕಾಣಂಗೆ ನಗ್ತಾನೇ ಇರ್‍ನಿಲ್ಲ. ನಾನು ಅಪ್ಪನ ಕಡೆ."

ಅಂದಮೇಲೆ ಅವಳಿಗೆ ತಾನು ಅಂದದ್ದು ಕೇಳಿಸಿತು. ಕ್ಯಾಮೆರಾವನ್ನು ಮೆಲ್ಲಗೆ ನನ್ನ ಮಡಿಲಲ್ಲಿಟ್ಟು, ಪಕ್ಕದಲ್ಲಿ ಕೂತಳು.

"ನೀನೇ ಹೇಳಿದ್ದೆಯಲ್ಲ. ನೀನು ನಕ್ಕರೆ ಅವ್ವ ನಕ್ಕ ಹಾಗೆ ಅಂತ."

"ನೀ ಅಂಗೆ ಅಳ್ತಾ ಕೂತಿದ್ದೆ. ಗಂಟೆ ಒಡ್ದುಬುಟ್ರು, ನಾ ಒರಡ್ಬೇಕಿತ್ತು. ಏನ್ ಕೊಟ್ಟು ಓಗ್ಲಿ ನಿಂಗೆ? ಕೈಯಾಗೆ ಊವ ಬುಟ್ರೆ ಇನ್ನೇನೂ ಇರ್‍ನಿಲ್ಲ."

ಸಿಟ್ಟು ಬರಲಿಲ್ಲ. ಏನು ಬಂತೆಂದು ಈಗಲೂ ಹೇಳಲಾರೆ. ಎಷ್ಟೋ ವರ್ಷ ಬೀಗ ಹಾಕಿಟ್ಟಿದ್ದ ಕೋಣೆಯಲ್ಲಿ ಯಾರೂ ಇರಲೇ ಇಲ್ಲವೆಂದು ತಿಳಿದರೆ ಹೇಗೋ ಹಾಗೆ. "ಮತ್ತೆ ಅವ್ವ ಹೇಗೆ ನಗುತ್ತಿದ್ದಳು?" ಎಂದು ಕೇಳಿದೆ.

"ಬಾಯ್ ಮುಚ್ಕಂಡೇ. ಬುಜ ಕುಣೀತಿದ್ದೊ. ಸದ್ದೇ ಬತ್ತಿರ್‍ನಿಲ್ಲ."

"ತೋರಿಸು."

ಅವಳು ತುಟಿ ಬಿಗಿಹಿಡಿದು ಭುಜ ಅಲ್ಲಾಡಿಸಲು ನೋಡಿದಳು. ಮದುವೆಯ ಆಲ್ಬಮ್ಮಿನ ಮುಖ ಬಂತೇ ಹೊರತು ಬೇರೇನೂ ಬರಲಿಲ್ಲ. ಎರಡು ಸಲ ನೋಡಿ, "ಬರಾಕಿಲ್ಲ ಕಣವ್ವ" ಎಂದು ಎದ್ದು ಪಾತ್ರೆ ತೊಳೆಯಲು ಹೋದಳು. ಸಂಜೆಯ ಬಸ್ಸಿಗೆ ಹೊರಟಾಗ ಒಂದು ಚೀಲ ಅವರೆಕಾಯಿ ಕೊಟ್ಟಳು. ಹೂವನ್ನು ಮಾತ್ರ ಇಬ್ಬರೂ ಮರೆತೆವು.

ಆಮೇಲಿನ ದಿನಗಳಲ್ಲಿ ಆ ಫೋಟೊವನ್ನು ಪ್ರತಿ ಮಧ್ಯಾಹ್ನ ನೋಡುತ್ತಿದ್ದೆ. ಅದರಲ್ಲಿ ಅವ್ವನನ್ನು ಹುಡುಕುವುದನ್ನು ನಿಲ್ಲಿಸಲು ಆಗಲಿಲ್ಲ. ಅಕ್ಕ ಕಾಣುತ್ತಿದ್ದಳು, ಒಂದು ಕ್ಷಣ ಅವ್ವ ಅನ್ನಿಸುತ್ತಿತ್ತು, ಮರುಕ್ಷಣ ಅಲ್ಲ ಎಂದು ನೆನಪಾಗುತ್ತಿತ್ತು. ಲೆನ್ಸು ಮಾರಿದವರು ನಿಮ್ಮ ಅಭಿಪ್ರಾಯ ಬರೆಯಿರಿ ಎಂದು ಎರಡು ಸಲ ಕೇಳಿದರು. ನಾನು ಏನೆಂದು ಬರೆಯಲಿ?

ಸಂಕ್ರಾಂತಿ ಕಳೆಯಿತು. ಹಲ್ಲು ಕೀಳಿಸಿದ ಮೇಲೆ ಅಕ್ಕ ಹತ್ತು ದಿನ ನಮ್ಮ ಮನೆಯಲ್ಲೇ ಇದ್ದಳು, ಮಂಡ್ಯಕ್ಕೆ ಓಡಾಡಲು ಹತ್ತಿರವೆಂದು. ವಸಡು ಮಾಗುವವರೆಗೆ ಹೊಸ ಸೆಟ್ಟು ಹಾಕುವ ಹಾಗಿರಲಿಲ್ಲ. ಕೆನ್ನೆ ಒಳಕ್ಕೆ ಸರಿದು ಅವಳ ಮುಖ ನಾನು ನೋಡಿರದ ಯಾರದೋ ಮುಖದಂತಾಗಿತ್ತು. ಮಾತು ತೊದಲುತ್ತಿತ್ತು, ನಾಚಿಕೆಯಿಂದ ಕಡಿಮೆ ಆಡುತ್ತಿದ್ದಳು. ರಾಗಿ ಗಂಜಿ, ಹಾಲನ್ನ, ಅಷ್ಟೇ ಊಟ.

ನಾಲ್ಕನೆಯ ದಿನ ಬೆಳಿಗ್ಗೆ ನನ್ನ ಯಜಮಾನರು ತಿಂಡಿಗೆ ಕೂತು, ನಾನು ಹಾಕಿದ ರೊಟ್ಟಿಯನ್ನು ಎರಡು ಕೈಯಲ್ಲೂ ಹಿಡಿದು ಮುರಿಯಲು ಹೆಣಗಾಡಿ, "ಅಕ್ಕಾ, ಸರಿಯಾದ ಟೈಮಿಗೆ ಹಲ್ಲು ಕೀಳಿಸಿದಿರಿ. ಈ ರೊಟ್ಟಿಯಿಂದ ಪಾರಾದಿರಿ" ಎಂದರು.

ಅಕ್ಕ ಗಂಜಿಯ ಲೋಟ ಕೆಳಗಿಟ್ಟಳು. ಬಾಯಿ ತೆರೆಯಲಿಲ್ಲ, ತೆರೆದರೆ ಹೊಲಿಗೆ ಎಳೆಯುತ್ತಿತ್ತು. ತುಟಿ ಮುಚ್ಚಿಕೊಂಡೇ ಇತ್ತು. ಭುಜ ಕುಣಿಯತೊಡಗಿತು. ಸದ್ದಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಗು, ಒಂದು ಚೂರೂ ಸದ್ದಿಲ್ಲ.

ನಾನು ಕಾವಲಿಯ ಮುಂದೆ ಹಾಗೇ ನಿಂತುಬಿಟ್ಟೆ. ಇವರು ಆಫೀಸಿಗೆ ಹೊರಟ ಮೇಲೆ ಅವಳ ಪಕ್ಕ ಕೂತು ಕೇಳಿದೆ.

"ಅಕ್ಕ, ಹೀಗಾ?"

ಏನು ಕೇಳುತ್ತಿದ್ದೇನೆಂದು ಅವಳಿಗೆ ಒಡನೆ ತಿಳಿಯಿತು. ಬೇಗ ಹೂಂ ಅನ್ನಬಹುದಾಗಿತ್ತು. ಒಮ್ಮೆ ಅಂದವಳೇ ತಾನೆ. ಆದರೆ ಅವಳು ಕಿಟಕಿಯ ಕಡೆ ನೋಡುತ್ತ ನಿಜವಾಗಿ ನೆನಪು ಮಾಡಿಕೊಳ್ಳಲು ಕುಳಿತಳು. ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ಅಕ್ಕನ ಹುಬ್ಬು ಗಂಟಾಯಿತು.

"ಗೊತ್ತಾಯ್ತಾ ಇಲ್ಲ ಮಗ," ಎಂದಳು ಕೊನೆಗೆ, ತೊದಲುತ್ತ. "ನಿಂಗೆ ಅವ್ವ ನನ್ನಂಗೆ ಅಂತ ಯೋಳಿದ್ನಲ್ಲ. ನಿನ್ ಮುಂದೆ ನಗುವಾಗೆಲ್ಲ ಅವ್ವ ಆಗಿ ನಕ್ಕೆ. ಅಂಗೇ ನಕ್ಕು ನಕ್ಕು ಈಗ ಅವ್ವನ್ನ ನೆನುಸ್ಕಂಡ್ರೆ ನಂಗೂ ನನ್ ಮೊಕನೇ ಬತ್ತದೆ. ಅವ್ಳದು ಬರಾದೇ ಇಲ್ಲ."

ಅದುವರೆಗೆ ಮರೆತವಳು ನಾನೊಬ್ಬಳೇ ಎಂದುಕೊಂಡಿದ್ದೆ. ಅಕ್ಕನ ಹತ್ತಿರ ಅವ್ವ ಭದ್ರವಾಗಿದ್ದಾಳೆ, ಕೇಳಿದಾಗ ತೆಗೆದು ಕೊಡುತ್ತಾಳೆ ಎಂಬ ಧೈರ್ಯದಲ್ಲೇ ಇಷ್ಟು ವರ್ಷ ಕಳೆದಿದ್ದೆ. ಇದ್ದದ್ದನ್ನೂ ಅವಳು ನನಗಾಗಿ ಕಳೆದುಕೊಂಡಿದ್ದಳು.

"ಆ ಪೋಟ ತಕ್ಕೊಂಬಾ" ಎಂದಳು ಅಕ್ಕ.

ತಂದುಕೊಟ್ಟೆ. ಅವಳು ಹಿತ್ತಿಲ ಬಿಸಿಲಲ್ಲಿ ನಗುತ್ತಿದ್ದ ತನ್ನನ್ನು ತಾನು ನೋಡಿದಳು. ನಾನೂ ಭುಜಕ್ಕೆ ಭುಜ ತಾಗಿಸಿ ನೋಡಿದೆ. ಸ್ವಲ್ಪ ಹೊತ್ತಿಗೆ ಬೆರಳಿನಿಂದ ಪರದೆಯ ಮೇಲಿನ ಧೂಳು ಒರೆಸಿದಳು.

"ಇನ್ನ ಅವ್ವ ಅಂದ್ರೆ ಇವ್ಳೇ ಅನ್ಕೊಳಾಣ. ನಂಗೂವೆ, ನಿಂಗೂವೆ."

"ಆಗಲಿ" ಎಂದೆ.

ಅವಳು ಬಾಯಿ ಮುಕ್ಕಳಿಸುವ ಹೊತ್ತಾಗಿತ್ತು. ಉಗುರುಬೆಚ್ಚಗೆ ನೀರು ಕಾಯಿಸಿ, ಉಪ್ಪು ಹಾಕಿ, ಕರಗುವವರೆಗೆ ಕಲಕಿ ಅವಳ ಕೈಗೆ ಕೊಟ್ಟೆ.